ಡಕೋಟಾದಿಂದ ಹರ್ಕ್ಯುಲಿಸ್‌ವರೆಗೆ: ಯುದ್ಧೋತ್ತರ ಪ್ರೊಪೆಲರ್ ವಿಮಾನಗಳೂ ಅವನ್ನು ಹಾರಿಸಿದ ಕೈಗಳೂ



ವಿಮಾನಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೇಗದ ಲೆಕ್ಕದಿಂದ ಹೊರಡುತ್ತಾರೆ. ಯಾವ ವಿಮಾನ ಯಾವಾಗ ಎಷ್ಟು ಮೈಲಿ ಹಾರಿತು, ಎಷ್ಟು ಎತ್ತರಕ್ಕೇರಿತು, ಯಾವ ದಾಖಲೆಯನ್ನು ಮುರಿಯಿತು ಎಂಬ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ, ಎರಡನೆಯ ಮಹಾಯುದ್ಧ ಮುಗಿದ 1945ರಿಂದ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ಪ್ರಯಾಣಿಕರೊಡನೆ ದಾಟತೊಡಗಿದ 1958ರವರೆಗಿನ ಹದಿಮೂರು ವರ್ಷಗಳಿಗೆ ದೊರೆಯುವುದು ಒಂದು ಸಣ್ಣ ಅಧ್ಯಾಯ ಮಾತ್ರ. ಪ್ರೊಪೆಲರ್‌ಗಳ ಕಾಲ ಮುಗಿಯುತ್ತಿತ್ತು, ಜೆಟ್ ಕಾಲ ಬರುವುದಿತ್ತು. ನಡುವಿನದು ಕಾಯುವ ಕೋಣೆ ಎಂಬ ಭಾವನೆ.

ನಾವು ಇಂದು ನಿಮ್ಮ ಮುಂದಿಡಬಯಸುವ ವಿಚಾರ ಬೇರೆ. ಆ ವರ್ಷಗಳ ವಿಮಾನಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಯಾವುದು ಬಾಳಿತು, ಯಾವುದು ಅಳಿಯಿತು ಎಂಬುದನ್ನು ನಿರ್ಧರಿಸಿದ್ದು ವೇಗವಲ್ಲ, ಅಂದಚಂದವೂ ಅಲ್ಲ. ಅದನ್ನು ನೆಲದ ಮೇಲೆ ನಿಲ್ಲಿಸಿ, ಬಿಚ್ಚಿ, ಸರಿಪಡಿಸಿ, ಮತ್ತೆ ಹಾರಿಸುವುದು ಸುಲಭವಾಗಿತ್ತೇ ಎಂಬ ಪ್ರಶ್ನೆ. ಈ ಮಾತು ನಮಗೆ ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮೊದಲ ವರ್ಷಗಳನ್ನು ಕುರಿತು ಮಾತನಾಡುವಾಗ, ಅದು ಬರಿಯ ರಿಪೇರಿ ಅಂಗಡಿಯಾಗಿತ್ತು ಎಂದು ಹಗುರವಾಗಿ ಹೇಳಿಬಿಡುವುದುಂಟು. ಹೇಳುವವರಲ್ಲಿ ನಮ್ಮವರೇ ಹೆಚ್ಚು. ರಿಪೇರಿ ಅಂಗಡಿಯಾಗಿದ್ದುದು ನಿಜ. ಆದರೆ ‘ಬರಿಯ’ ಎಂಬ ಪದವನ್ನು ಎಲ್ಲಿಂದ ತಂದರೋ ತಿಳಿಯದು.

ಕಥೆ ಆರಂಭವಾಗುವುದು ಡಕೋಟಾದಿಂದ. ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಯುದ್ಧ ಬಂದಾಗ ಅದೇ ವಿಮಾನಕ್ಕೆ ಗಟ್ಟಿಯಾದ ನೆಲಹಾಸನ್ನೂ ಅಗಲವಾದ ಬಾಗಿಲನ್ನೂ ಇರಿಸಿ ಸಿ-47 ಎಂದು ಹೆಸರಿಟ್ಟರು. ಬ್ರಿಟಿಷರ ಬಾಯಲ್ಲಿ ಅದು ಡಕೋಟಾ ಆಯಿತು, ನಮ್ಮ ದೇಶದಲ್ಲಿ ಆ ಹೆಸರೇ ನಿಂತಿತು. ಎಲ್ಲ ಬಗೆಗಳೂ ಸೇರಿ ಅಮೆರಿಕದಲ್ಲಿಯೇ 10,000ಕ್ಕೂ ಹೆಚ್ಚು ತಯಾರಾದುವು. ಎರಡು ಇಂಜಿನ್‌ಗಳು, ಒಂದೊಂದಕ್ಕೂ 14 ಸಿಲಿಂಡರ್‌ಗಳು, 1,200 ಅಶ್ವಶಕ್ತಿ. ಬಾಲದ ಕೆಳಗೊಂದು ಪುಟ್ಟ ಚಕ್ರ; ನಿಂತಾಗ ಮೂತಿಯನ್ನು ಮೇಲೆತ್ತಿಕೊಂಡು ಆಕಾಶವನ್ನು ನೋಡುವ ಭಂಗಿ. ಗಾಳಿಯ ಒತ್ತಡವನ್ನು ಒಳಗೆ ಕಾಯ್ದಿಡುವ ವ್ಯವಸ್ಥೆ ಇಲ್ಲದ್ದರಿಂದ ಮೋಡಗಳ ಮೇಲೆ ಸುಖವಾಗಿ ತೇಲುವ ಭಾಗ್ಯ ಅದರ ಪ್ರಯಾಣಿಕರಿಗೆ ಇರಲಿಲ್ಲ. ಆದರೆ ಹುಲ್ಲುಗಾವಲಿನಲ್ಲಿ ಇಳಿಯಬಲ್ಲದು. ಏಣಿಯೊಂದಿದ್ದರೆ ಮೆಕ್ಯಾನಿಕ್ ಅದರ ಇಂಜಿನ್ನನ್ನು ಬಯಲಿನಲ್ಲಿಯೇ ಮುಟ್ಟಬಲ್ಲ. ಯುದ್ಧವನ್ನು ಗೆಲ್ಲಿಸಿದ ಸಾಧನಗಳನ್ನು ಎಣಿಸುವಾಗ ಜನರಲ್ ಐಸೆನ್‌ಹೋವರ್ ಅವರು ಬುಲ್ಡೋಜರ್, ಜೀಪು, ಲಾರಿಗಳ ಸಾಲಿನಲ್ಲಿ ಈ ವಿಮಾನವನ್ನು ಸೇರಿಸಿದರು. ಇವುಗಳಲ್ಲಿ ಒಂದೂ ಹೊಡೆದಾಡಲೆಂದು ಮಾಡಿದ ವಸ್ತುವಲ್ಲ ಎಂಬುದನ್ನು ಗಮನಿಸಬೇಕು.

ಈಗ ಬೆಂಗಳೂರಿಗೆ ಬರೋಣ. ವಾಲ್‌ಚಂದ್ ಹೀರಾಚಂದ್ ಅವರ ಸಾಹಸ, ಮೈಸೂರು ಸಂಸ್ಥಾನದ ಭೂಮಿ ಮತ್ತು ಬಂಡವಾಳ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಉತ್ಸಾಹ, ಅಮೆರಿಕದ ವಿಲಿಯಂ ಪಾಲಿಯವರ ತಾಂತ್ರಿಕ ನೆರವು ಇವೆಲ್ಲ ಕೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಉದ್ದೇಶವಿದ್ದದ್ದು ವಿಮಾನಗಳನ್ನು ನಿರ್ಮಿಸುವುದು. ಆದರೆ ಜಪಾನೀಯರು ಬರ್ಮಾದೊಳಕ್ಕೆ ನುಗ್ಗಿದ ಮೇಲೆ ಹೊಸ ವಿಮಾನಗಳಿಗಿಂತ ಇದ್ದ ವಿಮಾನಗಳನ್ನು ಉಳಿಸಿಕೊಳ್ಳುವುದೇ ತುರ್ತಾಯಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಡಕೋಟಾಗಳು, ಇನ್ನೂ ದೊಡ್ಡದಾದ ಸಿ-46 ಸಾಗಣೆ ವಿಮಾನಗಳು, ಬಾಂಬರುಗಳು, ಕೊನೆಗೆ ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳೂ ಬೆಂಗಳೂರಿಗೆ ಬಂದುವು. ಸಮುದ್ರವಿಲ್ಲದ ಊರಿನಲ್ಲಿ ಅವು ಇಳಿದದ್ದು ಬೆಳ್ಳಂದೂರು ಕೆರೆಯಲ್ಲಿ! ಇಂದಿನ ಬೆಳ್ಳಂದೂರನ್ನು ಬಲ್ಲವರಿಗೆ ಈ ಚಿತ್ರವನ್ನು ಕಲ್ಪಿಸಿಕೊಳ್ಳುವುದು ತುಸು ಕಷ್ಟವಾದೀತು.

ಈ ವಿಮಾನಗಳು ಸವೆದು ಬರುತ್ತಿದ್ದುದೆಲ್ಲಿಂದ? ಬಹುಪಾಲು ಪೂರ್ವದ ರಣರಂಗದಿಂದ. ಬರ್ಮಾದ ಮಾರ್ಗ ಮುಚ್ಚಿದ ಮೇಲೆ ಚೀನಾಕ್ಕೆ ಸಾಮಗ್ರಿ ಕಳುಹಿಸಲು ಉಳಿದಿದ್ದ ದಾರಿಯೆಂದರೆ ಅಸ್ಸಾಮಿನಿಂದ ಹಿಮಾಲಯದ ಪೂರ್ವ ಶ್ರೇಣಿಗಳನ್ನು ದಾಟಿ ಕುನ್ಮಿಂಗ್ ನಗರಕ್ಕೆ ಹಾರುವುದು. ಪೈಲಟ್‌ಗಳು ಅದನ್ನು ‘ಹಂಪ್’, ಅಂದರೆ ಗೂನು, ಎಂದು ಕರೆದರು. 1942ರಿಂದ 1945ರವರೆಗೆ ಸುಮಾರು ಆರೂವರೆ ಲಕ್ಷ ಟನ್ ಸರಕು ಆ ಗೂನಿನ ಮೇಲೆ ಹಾದುಹೋಯಿತು. ನೂರಾರು ವಿಮಾನಗಳು ಅಲ್ಲಿನ ಕಣಿವೆಗಳಲ್ಲಿ ಉಳಿದುವು. 1944ರಲ್ಲಿ ಆ ಕಾರ್ಯಾಚರಣೆಯ ಹೊಣೆ ಹೊತ್ತು ಬಂದ ವಿಲಿಯಂ ಟನ್ನರ್ ಎಂಬ ಅಧಿಕಾರಿ ಒಂದು ಬದಲಾವಣೆ ಮಾಡಿದರು. ಅದುವರೆಗೆ ಪ್ರತಿ ವಿಮಾನಕ್ಕೂ ಅದರದೇ ಮೆಕ್ಯಾನಿಕ್ ತಂಡವಿತ್ತು. ಟನ್ನರ್ ಅದನ್ನು ಬಿಟ್ಟು, ವಿಮಾನವನ್ನೇ ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಎಳೆದೊಯ್ಯುವ ಕ್ರಮವನ್ನು ತಂದರು. ಒಂದೆಡೆ ತೊಳೆಯುವುದು, ಮುಂದಿನೆಡೆ ಇಂಜಿನ್ ನೋಡುವುದು, ಅದರಾಚೆ ವಿದ್ಯುತ್ ತಂತಿಗಳು, ಹೀಗೆ. ಮೋಟಾರು ಕಾರ್ಖಾನೆಯ ಪದ್ಧತಿ ಅಸ್ಸಾಮಿನ ಕೆಸರಿಗೆ ಬಂತು. ಈ ಟನ್ನರ್ ಅವರನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ. ನೀವು ಈಗ ವಾಸವಾಗಿರುವ ಈ ದೇಶಕ್ಕೆ ಅವರು ಮತ್ತೆ ಬರಲಿದ್ದಾರೆ.

ಯುದ್ಧ ಮುಗಿದಾಗ ಭಾರತದ ನೆಲದ ಮೇಲೆ ಬೇಡದ ಡಕೋಟಾಗಳ ರಾಶಿಯೇ ಉಳಿಯಿತು. ಅಮೆರಿಕನ್ನರಿಗೆ ಅವನ್ನು ಮನೆಗೆ ಒಯ್ಯುವ ಆಸೆ ಇರಲಿಲ್ಲ. ಅಗ್ಗದ ಬೆಲೆಗೆ ದೊರೆತ ಈ ವಿಮಾನಗಳನ್ನು ಕೊಂಡು ಹೊಸ ಕಂಪನಿಗಳು ನಾಯಿಕೊಡೆಗಳಂತೆ ಎದ್ದುವು. ಸೈನಿಕರ ಅಲ್ಯುಮಿನಿಯಂ ಬೆಂಚುಗಳನ್ನು ಕಿತ್ತು, ಪ್ರಯಾಣಿಕರಿಗೆ ಕುರ್ಚಿ, ಕಿಟಕಿಗಳಿಗೆ ಪರದೆ, ಗೋಡೆಗೆ ಒಳಹೊದಿಕೆ ಹಾಕಿ, ಇಂಜಿನ್‌ಗಳನ್ನು ಬಿಚ್ಚಿ ಜೋಡಿಸಿ ಅವನ್ನು ನಾಗರಿಕ ವಿಮಾನಗಳನ್ನಾಗಿಸುವ ಕೆಲಸದ ದೊಡ್ಡ ಪಾಲು ಬೆಂಗಳೂರಿನ ಕಾರ್ಖಾನೆಗೆ ಬಂತು. ಅದೂ ಸಾಲದಾದಾಗ ಅಲ್ಲಿ ರೈಲು ಬೋಗಿಗಳನ್ನೂ ಬಸ್ಸುಗಳ ಮೈಯನ್ನೂ ಮಾಡಿದರು. ವಿಮಾನದ ತಗಡು ಬಡಿಯಲು ಕಲಿತ ಕೈ ಸುಮ್ಮನೆ ಕೂರಲಿಲ್ಲ. ಸ್ವತಂತ್ರ ಭಾರತದ ದೇಶೀಯ ವಿಮಾನಯಾನ ನಿಂತದ್ದು ಈ ಹಳೆಯ ವಿಮಾನಗಳ ಮೇಲೆಯೇ. 1953ರ ಆಗಸ್ಟ್ 1ರಂದು ಎಂಟು ಖಾಸಗಿ ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಆರಂಭವಾದಾಗ ಅದರ 99 ವಿಮಾನಗಳಲ್ಲಿ 74 ಡಕೋಟಾಗಳೇ ಆಗಿದ್ದುವು.

ಅದಕ್ಕೂ ಮೊದಲೇ ಅವುಗಳ ಪರೀಕ್ಷೆ ನಡೆದುಹೋಗಿತ್ತು. 1947ರ ಅಕ್ಟೋಬರ್ 26ರಂದು ಕಾಶ್ಮೀರದ ಮಹಾರಾಜರು ಭಾರತದೊಡನೆ ಸೇರ್ಪಡೆಯ ಒಪ್ಪಂದಕ್ಕೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ದೆಹಲಿಯಿಂದ ಹೊರಟ ಡಕೋಟಾಗಳು ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರ ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರದ ಮಣ್ಣಿನ ಪಟ್ಟಿಯ ಮೇಲೆ ಇಳಿಸಿದುವು. ವಾಯುಪಡೆಯಲ್ಲಿದ್ದ ಡಕೋಟಾಗಳು ಕೆಲವೇ. ಆದ್ದರಿಂದ ಖಾಸಗಿ ಕಂಪನಿಗಳ ವಿಮಾನಗಳನ್ನೂ ಅವುಗಳ ಪೈಲಟ್‌ಗಳನ್ನೂ ಕರೆಸಿಕೊಳ್ಳಲಾಯಿತು. ಒಳಗಿನ ಮೆತ್ತನೆಯ ಕುರ್ಚಿಗಳನ್ನು ಕಿತ್ತು ಹೊರಗೆಸೆದರು. ಒಂದು ವರ್ಷದ ಹಿಂದೆ ಯಾರೋ ಶ್ರದ್ಧೆಯಿಂದ ಕೂರಿಸಿದ್ದ ಕುರ್ಚಿಗಳು! ಸೈನಿಕ ವಿಮಾನ ನಾಗರಿಕವಾಗಿ, ನಾಗರಿಕ ವಿಮಾನ ಒಂದೇ ರಾತ್ರಿಯಲ್ಲಿ ಮರಳಿ ಸೈನಿಕವಾಯಿತು. ಇಂಥ ವೇಷ ಬದಲಾವಣೆ ಡಕೋಟಾಕ್ಕೆ ಮಾತ್ರ ಸಾಧ್ಯವಿತ್ತು.

ಇದಕ್ಕಿಂತಲೂ ಮೈ ಜುಮ್ಮೆನ್ನಿಸುವುದು ಲೇಹ್ ಪ್ರಸಂಗ. 1948ರ ಮೇ ತಿಂಗಳಲ್ಲಿ ಲಡಾಖಿನ ರಾಜಧಾನಿ ಶತ್ರುವಿನ ಕೈಗೆ ಬೀಳುವ ಸ್ಥಿತಿಯಲ್ಲಿತ್ತು. ನೆಲದ ದಾರಿ ಇಲ್ಲ. ಸೋನಂ ನೋರ್ಬು ಎಂಬ ಲಡಾಖಿ ಇಂಜಿನಿಯರ್ ಸಿಂಧೂ ನದಿಯ ಬಳಿ ಸ್ಥಳೀಯರ ದುಡಿಮೆಯಿಂದ ಒಂದು ಪಟ್ಟಿಯನ್ನು ಸಿದ್ಧಪಡಿಸಿದ್ದರು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 10,700 ಅಡಿ. ಅಲ್ಲಿಗೆ ಹೋಗಬೇಕಾದರೆ ಅದಕ್ಕಿಂತ ಬಹು ಎತ್ತರದ ಪರ್ವತಗಳ ನಡುವೆ ನುಸುಳಬೇಕು. ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾವನ್ನು ಅಲ್ಲಿ ಇಳಿಸಿದರು. ಒಳಗೆ ಗಾಳಿಯ ಒತ್ತಡವಿಲ್ಲ, ರೆಕ್ಕೆಯ ಮೇಲಿನ ಹಿಮವನ್ನು ಕರಗಿಸುವ ಸಾಧನವಿಲ್ಲ, ದಾರಿ ತೋರುವ ನಕ್ಷೆಯೂ ನಂಬುವಂಥದಲ್ಲ. ಅವರ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದವರು ಆ ವಿಭಾಗದ ಸೇನಾಧಿಪತಿ, ನಮ್ಮ ಮಡಿಕೇರಿಯ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ತಿಮ್ಮಯ್ಯನವರ ಧೈರ್ಯವನ್ನು ಕುರಿತು ಕೊಡಗಿನಲ್ಲಿ ಹೇಳುವ ಕಥೆಗಳು ಅನೇಕ; ನಮ್ಮ ದೃಷ್ಟಿಯಲ್ಲಿ ಪರರ ಕೈಯಲ್ಲಿ ಚುಕ್ಕಾಣಿಯಿರುವಾಗ ಸುಮ್ಮನೆ ಕುಳಿತಿದ್ದ ಈ ಧೈರ್ಯ ಅವುಗಳಲ್ಲಿ ಕಡಿಮೆಯದಲ್ಲ. ಆ ಎರಡು ಇಂಜಿನ್‌ಗಳಲ್ಲಿ ಒಂದು ಕೆಮ್ಮಿದ್ದರೂ ಅವರಿಬ್ಬರ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೆಮ್ಮಲಿಲ್ಲ. ಇಂಜಿನ್ ಕೆಮ್ಮದಂತೆ ನೋಡಿಕೊಂಡವರ ಹೆಸರು ಯಾವ ಪದಕದ ಪಟ್ಟಿಯಲ್ಲಿಯೂ ಸುಲಭವಾಗಿ ಸಿಗುವುದಿಲ್ಲ.

ಶಾಂತಿಕಾಲದ ಸಾಹಸವನ್ನೂ ಒಂದು ಮಾತಿನಲ್ಲಿ ಹೇಳಬೇಕು. 1949ರಲ್ಲಿ ಆರಂಭವಾದ ರಾತ್ರಿ ಅಂಚೆಯ ವ್ಯವಸ್ಥೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿಯಲ್ಲಿ ನಾಗಪುರದಲ್ಲಿ ಸಂಧಿಸಿ, ಅಂಚೆಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಂತಮ್ಮ ಊರು ಸೇರುತ್ತಿದ್ದುವು. ದೇಶದ ನಾಲ್ಕು ಮೂಲೆಗಳಿಂದ ಬಂದು ಕೈಕುಲುಕಿ ಹೋಗುವ ಈ ಏರ್ಪಾಟು ಕೂಡ ನಿಂತದ್ದು ಡಕೋಟಾದ ಭರವಸೆಯ ಮೇಲೆ.

ಬೆಂಗಳೂರಿನ ರಿಪೇರಿ ಅಂಗಡಿಯ ದೊಡ್ಡ ಸಾಧನೆ ಸಾಗಣೆ ವಿಮಾನದ್ದಲ್ಲ, ಬಾಂಬರಿನದು. ಯುದ್ಧ ಮುಗಿದಾಗ ಕಾನ್ಪುರದ ಚಕೇರಿಯಲ್ಲಿ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್ ಎಂಬ ನಾಲ್ಕು ಇಂಜಿನ್‌ಗಳ ಭಾರೀ ವಿಮಾನಗಳನ್ನು ಬಿಟ್ಟುಹೋಯಿತು. ಮತ್ತೆ ಯಾರೂ ಹಾರಿಸದಂತೆ ಅವನ್ನು ಬೇಕೆಂದೇ ಹಾನಿಗೊಳಿಸಿದ್ದರು. ಆ ಗುಜರಿಯಿಂದ ಆಯ್ದು, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟು ಮಟ್ಟಿಗೆ ಸರಿಪಡಿಸಿ, ಹಿಂದೂಸ್ತಾನ್ ಕಾರ್ಖಾನೆಯ ಪೈಲಟ್ ಜೆಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಅವುಗಳ ಸಂಪೂರ್ಣ ಪುನರ್ಜನ್ಮವಾಯಿತು. 40ಕ್ಕೂ ಹೆಚ್ಚು ಲಿಬರೇಟರ್‌ಗಳು ಹೀಗೆ ಎದ್ದುನಿಂತು, 1948ರ ಕೊನೆಯಿಂದ ವಾಯುಪಡೆಯನ್ನು ಸೇರಿ, 1968ರವರೆಗೆ ಸೇವೆ ಸಲ್ಲಿಸಿದುವು. ಪುರಾಣದ ಜರಾಸಂಧನನ್ನು ಜೋಡಿಸಿದ ಜರೆಗೆ ಎರಡೇ ತುಂಡುಗಳಿದ್ದುವು; ನಮ್ಮ ಮೆಕ್ಯಾನಿಕರಿಗೆ ಆ ಅನುಕೂಲವಿರಲಿಲ್ಲ.

ಇನ್ನು ಟನ್ನರ್ ಅವರ ಕಡೆಗೆ. 1948ರ ಜೂನ್ 24ರಂದು ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ನೀರಿನ ಮಾರ್ಗಗಳನ್ನು ಮುಚ್ಚಿತು. ಒಳಗೆ 20 ಲಕ್ಷಕ್ಕೂ ಹೆಚ್ಚು ಜನ. ಉಳಿದದ್ದು ಮೂರು ವಾಯುಮಾರ್ಗಗಳು, ಒಂದೊಂದರ ಅಗಲ 20 ಮೈಲಿ. ಜೂನ್ 26ರಂದು ಡಕೋಟಾಗಳೊಡನೆ ಅಮೆರಿಕನ್ನರ ಸಾಗಣೆ ಆರಂಭವಾಯಿತು, ಬ್ರಿಟಿಷರು ಕೂಡಿಕೊಂಡರು. ಡಕೋಟಾ ಒಂದು ಸಲಕ್ಕೆ ಹೊರುತ್ತಿದ್ದುದು ಮೂರು ಟನ್ನಿನಷ್ಟು. ನಗರಕ್ಕೆ ದಿನವೊಂದಕ್ಕೆ ಕನಿಷ್ಠವೆಂದರೂ 4,500 ಟನ್ ಬೇಕು. ಆಗ ಕರೆಬಂದದ್ದು ಅದರ ಅಣ್ಣನಾದ ಸಿ-54 ಸ್ಕೈಮಾಸ್ಟರಿಗೆ. ನಾಲ್ಕು ಇಂಜಿನ್‌ಗಳು, ಹತ್ತು ಟನ್ ಹೊರೆ. ಜುಲೈ ಕೊನೆಯ ಹೊತ್ತಿಗೆ ಹೊಣೆ ಹೊರಲು ಹಂಪ್‌ನ ಟನ್ನರ್ ಬಂದರು.

ಬರ್ಲಿನ್ ವಾಯುಸೇತುವೆಯ ಕಥೆಯನ್ನು ಇಲ್ಲಿನ ಶಾಲೆಗಳಲ್ಲಿ ಓದಿದ ನಿಮ್ಮ ಮಕ್ಕಳು ನಿಮಗಿಂತ ಚೆನ್ನಾಗಿ ಹೇಳಿಯಾರು. ಕರವಸ್ತ್ರದ ಪ್ಯಾರಾಶೂಟಿನಲ್ಲಿ ಮಿಠಾಯಿ ಉದುರಿಸಿದ ಗೇಲ್ ಹಾಲ್ವರ್ಸನ್, ‘ಒಣದ್ರಾಕ್ಷಿಯ ಬಾಂಬರು’ ಎಂದು ಬರ್ಲಿನ್ನಿಗರು ಪ್ರೀತಿಯಿಂದ ಇಟ್ಟ ಹೆಸರು, ಇವೆಲ್ಲ ಪ್ರಸಿದ್ಧ. ನಾವು ಹೇಳಬೇಕೆಂದಿರುವುದು ಕಲ್ಲಿದ್ದಲಿನ ಸಂಗತಿ. ಸಾಗಿಸಿದ ಸರಕಿನಲ್ಲಿ ಸುಮಾರು ಮೂರನೆಯ ಎರಡು ಪಾಲು ಕಲ್ಲಿದ್ದಲೇ. ಗೋಣಿಚೀಲಗಳಲ್ಲಿ ಎಷ್ಟು ಬಿಗಿದು ಕಟ್ಟಿದರೂ ಅದರ ಧೂಳು ನೆಲಹಾಸಿನ ಸಂದಿಗಿಳಿಯುತ್ತಿತ್ತು, ವಿದ್ಯುತ್ ತಂತಿಗಳನ್ನು ಕೆಡಿಸುತ್ತಿತ್ತು, ಬಾಲದ ರೆಕ್ಕೆಗಳನ್ನು ಆಡಿಸುವ ಉಕ್ಕಿನ ಹಗ್ಗಗಳನ್ನು ತೇಯುತ್ತಿತ್ತು. ಉಪ್ಪು ಅದಕ್ಕಿಂತ ಕೆಟ್ಟದ್ದು, ಲೋಹವನ್ನೇ ತಿನ್ನುತ್ತದೆ. ಇದಕ್ಕೆ ಬ್ರಿಟಿಷರು ಕಂಡುಕೊಂಡ ಉಪಾಯ ಸೊಗಸಾದದ್ದು: ಸಮುದ್ರದ ನೀರನ್ನು ತಡೆಯಲೆಂದೇ ಮಾಡಿದ್ದ ಸಂಡರ್ಲೆಂಡ್ ಎಂಬ ಜಲವಿಮಾನಗಳಲ್ಲಿ ಉಪ್ಪನ್ನು ತುಂಬಿ ಬರ್ಲಿನ್ನಿನ ಹಾವೆಲ್ ಸರೋವರದ ಮೇಲೆ ಇಳಿಸಿದರು.

ಹಗಲಿರುಳೆನ್ನದೆ ಮೂರು ನಿಮಿಷಕ್ಕೊಂದು ವಿಮಾನ ಇಳಿಯಬೇಕಾದರೆ ಪೈಲಟ್‌ಗಳ ಶಿಸ್ತು ಸಾಲದು. ಸ್ಕೈಮಾಸ್ಟರ್‌ಗಳು ದೂರದ ಪ್ರಯಾಣಕ್ಕಾಗಿ ಮಾಡಿದ ವಿಮಾನಗಳು. ಇಲ್ಲಿ ಅವು ದಿನಕ್ಕೆ ಹಲವು ಸಲ ಏರಿ ಇಳಿದು ಚಕ್ರ, ಬ್ರೇಕು, ಇಂಜಿನ್‌ಗಳನ್ನು ಸವೆಸುತ್ತಿದ್ದುವು. ಹಾರಾಟದ ಪ್ರತಿ 200 ತಾಸುಗಳಿಗೊಮ್ಮೆ ಅವನ್ನು ಇಂಗ್ಲೆಂಡಿನ ಬರ್ಟನ್‌ವುಡ್‌ಗೆ ಒಯ್ದು, ಅಸ್ಸಾಮಿನಲ್ಲಿ ಕಲಿತ ಅದೇ ಸಾಲು ಪದ್ಧತಿಯಲ್ಲಿ ತೊಳೆದು, ಬಿಚ್ಚಿ, ಪರೀಕ್ಷಿಸಿ ಕಳುಹಿಸುತ್ತಿದ್ದರು. ಆದರೂ ಕೈಗಳು ಸಾಲಲಿಲ್ಲ. ಆಗ ಟನ್ನರ್ ಒಂದು ಅನುಮತಿ ಬೇಡಿದರು: ಮೂರು ವರ್ಷಗಳ ಹಿಂದೆ ಶತ್ರುಗಳಾಗಿದ್ದ ಜರ್ಮನ್ ವಾಯುಪಡೆಯ ಮಾಜಿ ಮೆಕ್ಯಾನಿಕರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು. ಅನುಮತಿ ದೊರೆಯಿತು. ಕೈಪಿಡಿಗಳು ಜರ್ಮನ್ ಭಾಷೆಗೆ ಅನುವಾದವಾದುವು. ಅಮೆರಿಕದ ವಿಮಾನಗಳನ್ನು ಹೊಡೆದುರುಳಿಸುವ ಯಂತ್ರಗಳಿಗೆ ಎಣ್ಣೆ ಹಾಕಿದ್ದ ಕೈಗಳು ಈಗ ಅಮೆರಿಕದ ವಿಮಾನಗಳಿಗೇ ಎಣ್ಣೆ ಹಾಕತೊಡಗಿದುವು. ಎರಡು ದೇಶಗಳ ಸ್ನೇಹ ರಾಯಭಾರಿಗಳ ಔತಣದಲ್ಲಿ ಅಲ್ಲ, ಈ ಗ್ರೀಸಿನ ಡಬ್ಬಗಳ ನಡುವೆ ಮೊಳೆಯಿತೆಂದರೆ ಉತ್ಪ್ರೇಕ್ಷೆಯಾಗದು ಎಂದು ನಮ್ಮ ಅಭಿಪ್ರಾಯ.

1949ರ ಮೇ 12ರಂದು ದಿಗ್ಬಂಧನ ತೆರೆಯಿತು. ಸಾಗಣೆ ಸೆಪ್ಟೆಂಬರ್ ಕೊನೆಯವರೆಗೂ ನಡೆಯಿತು. ಸುಮಾರು 2,78,000 ಹಾರಾಟಗಳು, 23 ಲಕ್ಷ ಟನ್ ಸರಕು, 101 ಸಾವುಗಳು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಬದಿಯ ಹೆದ್ದಾರಿಯಲ್ಲಿ ಹೋಗುವಾಗ ಕಾಣುವ, ಮೂರು ಬೆರಳುಗಳಂತೆ ಬಾಗಿ ಬರ್ಲಿನ್ನಿನ ಕಡೆಗೆ ಚಾಚಿದ ಕಾಂಕ್ರೀಟಿನ ಸ್ಮಾರಕ ಈ ಸಾಹಸದ್ದೇ. ಮೂರು ಬೆರಳುಗಳು ಮೂರು ವಾಯುಮಾರ್ಗಗಳು. ಅದರ ಜೋಡಿ ಬರ್ಲಿನ್ನಿನ ಟೆಂಪಲ್‌ಹೋಫ್‌ನಲ್ಲಿ 1951ರಿಂದ ನಿಂತಿದೆ. ಅಲ್ಲಿನ ಜನ ಅದನ್ನು ತಮಾಷೆಗೆ ‘ಹಸಿವಿನ ಹಲುಬೆ’ ಎನ್ನುತ್ತಾರೆ. ನಮ್ಮ ಹೊಲಗಳಲ್ಲಿ ಹಲುಬೆ ಹೊಡೆದವರಿಗೆ ಆ ಹೋಲಿಕೆ ಕೂಡಲೇ ಅರ್ಥವಾದೀತು.

ಇತ್ತ ಶ್ರೀಮಂತರ ವಿಮಾನಗಳ ಕಾಲ ಬಂದಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ಚೆಲುವೆ ಲಾಕ್‌ಹೀಡ್ ಕಂಪನಿಯ ಕಾನ್‌ಸ್ಟೆಲೇಷನ್. ಡಾಲ್ಫಿನ್ ಮೀನಿನಂತೆ ಬಳುಕಿದ ಮೈ, ಹಿಂದೆ ಮೂರು ಬಾಲಗಳು, ಒಳಗೆ ಗಾಳಿಯ ಒತ್ತಡದ ವ್ಯವಸ್ಥೆ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ 35 ಪ್ರಯಾಣಿಕರೊಡನೆ ಮುಂಬಯಿಯಿಂದ ಹೊರಟು ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹೋದದ್ದು ಇಂಥ ವಿಮಾನದಲ್ಲಿಯೇ. ಜರ್ಮನಿಯ ಲುಫ್ತಾನ್ಸಾ ಮತ್ತೆ ತಲೆಯೆತ್ತಿ 1955ರ ಜೂನ್‌ನಲ್ಲಿ ನ್ಯೂಯಾರ್ಕಿಗೆ ಹಾರಿದಾಗಲೂ ಅದೇ ವಂಶದ ಸೂಪರ್ ಕಾನ್‌ಸ್ಟೆಲೇಷನ್ ಬೇಕಾಯಿತು. ಹಡಗಿನಲ್ಲಿ ವಾರಗಟ್ಟಲೆ ಸಾಗರ ದಾಟಿ ಬಂದ ನಮ್ಮ ಹಿರಿಯರಿಗೆ ಈ ವಿಮಾನದ ಟಿಕೆಟ್ಟು ಕನಸಿನ ಮಾತಾಗಿತ್ತೆಂಬುದೂ ನಿಜ.

ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಮೋಂ ಬ್ಲಾಂ ಶಿಖರಕ್ಕೆ ಬಡಿದು 48 ಜನರೊಡನೆ ನಾಶವಾಯಿತು. ಅದರ ಸೋದರಿ ‘ಕಾಶ್ಮೀರ್ ಪ್ರಿನ್ಸೆಸ್’ನ ಕಥೆ ಬೇರೆಯೇ ಬಗೆಯದು. 1955ರ ಏಪ್ರಿಲ್ 11ರಂದು ಬಾಂಡುಂಗ್ ಸಮ್ಮೇಳನಕ್ಕೆ ಹೊರಟ ಚೀನೀ ನಿಯೋಗವನ್ನು ಹೊತ್ತು ಹಾಂಗ್‌ಕಾಂಗ್‌ನಿಂದ ಜಕಾರ್ತಾದ ಕಡೆಗೆ ಹಾರುತ್ತಿದ್ದಾಗ ಅದರಲ್ಲಿ ಬಾಂಬ್ ಸಿಡಿಯಿತು. ಚೌ ಎನ್‌ಲಾಯ್ ಅವರನ್ನು ಕೊಲ್ಲುವ ಸಂಚು ಅದು. ಅವರು ಆ ವಿಮಾನದಲ್ಲಿ ಇರಲಿಲ್ಲ. ಕ್ಯಾಪ್ಟನ್ ಜಟಾರ್ ಉರಿಯುವ ವಿಮಾನವನ್ನು ಸಮುದ್ರದವರೆಗೆ ಇಳಿಸಿ ಪ್ರಾಣಬಿಟ್ಟರು. 19 ಜನರಲ್ಲಿ ಉಳಿದವರು ಮೂವರು, ಅವರಲ್ಲೊಬ್ಬರು ವಿಮಾನದ ನಿರ್ವಹಣಾ ಇಂಜಿನಿಯರ್ ಕಾರ್ಣಿಕ್. ಬಾಂಬನ್ನು ಇರಿಸಿದ್ದು ಚಕ್ರಗಳು ಮಡಚಿಕೊಳ್ಳುವ ಗೂಡಿನ ಬಳಿ; ಇರಿಸಿದವನೆಂದು ತನಿಖೆ ಬೊಟ್ಟು ಮಾಡಿದ್ದು ನಿಲ್ದಾಣದಲ್ಲಿ ವಿಮಾನಗಳನ್ನು ಶುಚಿಗೊಳಿಸುವ ಒಬ್ಬ ಕೆಲಸಗಾರನನ್ನು. ನಾವು ನೆಲದ ಮೇಲಿನ ಕೈಗಳನ್ನು ಹೊಗಳುತ್ತಾ ಬಂದಿದ್ದೇವೆ. ವಿಮಾನ ಹಾರುವ ಮುನ್ನ ಅದನ್ನು ಮುಟ್ಟುವ ಕೈಯ ಮೇಲೆ ಎಷ್ಟು ಪ್ರಾಣಗಳು ನಿಂತಿವೆ ಎಂಬುದಕ್ಕೆ ಈ ಕ್ರೂರ ನಿದರ್ಶನವೂ ಸೇರಬೇಕು.

ಚೆಲುವಿನ ವಿಮಾನಗಳ ಅವನತಿಗೆ ಮಾತ್ರ ಬಾಂಬು ಬೇಕಾಗಲಿಲ್ಲ. ಅವುಗಳ ಇಂಜಿನ್‌ಗಳೇ ಸಾಕಾದುವು. ಇನ್ನಷ್ಟು ದೂರ, ಇನ್ನಷ್ಟು ವೇಗ ಎಂಬ ಸ್ಪರ್ಧೆಯಲ್ಲಿ ಪಿಸ್ಟನ್ ಇಂಜಿನ್ ತನ್ನ ಮಿತಿಯನ್ನು ಮುಟ್ಟಿತು. ಬೋಯಿಂಗ್ ಸ್ಟ್ರಾಟೊಕ್ರೂಸರಿನ ಒಂದೊಂದು ಇಂಜಿನ್ನಿಗೂ 28 ಸಿಲಿಂಡರ್‌ಗಳು. ಸಿಲಿಂಡರಿಗೆ ಎರಡರಂತೆ 56 ಸ್ಪಾರ್ಕ್ ಪ್ಲಗ್‌ಗಳು. ನಾಲ್ಕು ಇಂಜಿನ್‌ಗಳಿಗೆ 224! ಸೂಪರ್ ಕಾನ್‌ಸ್ಟೆಲೇಷನ್ ಮತ್ತು ಡಿಸಿ-7 ವಿಮಾನಗಳ ಇಂಜಿನ್‌ಗಳಲ್ಲಿ ಹೊರಹೋಗುವ ಬಿಸಿ ಹೊಗೆಯಿಂದಲೂ ಶಕ್ತಿಯನ್ನು ಹಿಂಡಲು ಮೂರು ಪುಟ್ಟ ಟರ್ಬೈನುಗಳನ್ನು ಕೂರಿಸಿದರು. ಎಣ್ಣೆ ಉಳಿಯಿತು, ಮೆಕ್ಯಾನಿಕನ ನಿದ್ದೆ ಹೋಯಿತು. ನಾಲ್ಕು ಇಂಜಿನ್‌ಗಳ ಈ ವಿಮಾನಗಳು ಮೂರರಲ್ಲಿ ಮನೆಗೆ ಮರಳುವುದು ಎಷ್ಟು ಸಾಮಾನ್ಯವಾಯಿತೆಂದರೆ, ಕಾನ್‌ಸ್ಟೆಲೇಷನ್ ಜಗತ್ತಿನ ಅತ್ಯುತ್ತಮ ಮೂರು ಇಂಜಿನ್ನಿನ ವಿಮಾನ ಎಂಬ ನಗೆಮಾತು ಹುಟ್ಟಿಕೊಂಡಿತು. ಪೈಲಟ್‌ಗಳ ಹಿಂದೆ ಫ್ಲೈಟ್ ಇಂಜಿನಿಯರ್ ಎಂಬ ಹಾರುವ ಮೆಕ್ಯಾನಿಕ್ ತನ್ನದೇ ಗಡಿಯಾರಗಳ ಗೋಡೆಯ ಮುಂದೆ ಕುಳಿತು, ಯಾವ ಪ್ಲಗ್ಗು ಸತ್ತಿತೆಂದು ಪುಟ್ಟ ಪರದೆಯೊಂದರ ಮೇಲೆ ನೋಡುತ್ತಿದ್ದ.

1956ರ ಅಕ್ಟೋಬರ್ 16ರಂದು ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಪ್ಯಾನ್ ಅಮೆರಿಕನ್‌ನ ಸ್ಟ್ರಾಟೊಕ್ರೂಸರೊಂದರಲ್ಲಿ ನಡುಸಾಗರದ ಮೇಲೆ ಒಂದು ಪ್ರೊಪೆಲರ್ ಹತೋಟಿ ಮೀರಿ ಸುತ್ತತೊಡಗಿತು. ಅದನ್ನು ನಿಲ್ಲಿಸಲಾಗಲಿಲ್ಲ. ಬಳಿಕ ಇನ್ನೊಂದು ಇಂಜಿನ್ ಕೈಕೊಟ್ಟಿತು. ದಡ ಸೇರುವಷ್ಟು ಇಂಧನವಿರಲಿಲ್ಲ. ಕ್ಯಾಪ್ಟನ್ ರಿಚರ್ಡ್ ಆಗ್ ಕತ್ತಲಲ್ಲಿ ನೀರಿಗಿಳಿಯುವ ಬದಲು, ಅಲ್ಲಿ ಕಾವಲಿದ್ದ ಅಮೆರಿಕದ ಕರಾವಳಿ ರಕ್ಷಣಾ ಹಡಗಿನ ಮೇಲೆ ಬೆಳಗಾಗುವವರೆಗೆ ಸುತ್ತು ಹಾಕುತ್ತಾ ಇಂಧನವನ್ನು ಕರಗಿಸಿ, ಮೊದಲ ಬೆಳಕಿನಲ್ಲಿ ವಿಮಾನವನ್ನು ಅಲೆಗಳ ಮೇಲೆ ಇಳಿಸಿದರು. ಬಾಲ ಮುರಿಯಿತು. ಆದರೆ 31 ಜನರೂ ಬದುಕಿದರು. ಪೈಲಟನ ಕೌಶಲಕ್ಕೆ ಇದಕ್ಕಿಂತ ಉನ್ನತ ಉದಾಹರಣೆ ಆ ಕಾಲದಲ್ಲಿ ಕಡಿಮೆ. ಯಂತ್ರದ ಅತಿಯಾಸೆಗೂ ಕಡಿಮೆಯೇ.

ಆಮೇಲಿನದು ಶೀಘ್ರವಾಗಿ ಮುಗಿಯಿತು. ಗ್ಯಾಸ್ ಟರ್ಬೈನಿನಿಂದಲೇ ಪ್ರೊಪೆಲರನ್ನು ತಿರುಗಿಸುವ ಬ್ರಿಟನ್ನಿನ ವೈಕೌಂಟ್ ವಿಮಾನ 1948ರಲ್ಲೇ ಹಾರಿತ್ತು. 1957ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕೂಡ ಅದನ್ನು ತಂದಿತು. ಮೇಲಕ್ಕೂ ಕೆಳಕ್ಕೂ ಬಡಿದಾಡುವ ಪಿಸ್ಟನ್‌ಗಳಿಲ್ಲದ್ದರಿಂದ ಕಂಪನ ಕಡಿಮೆ, ಬಿಚ್ಚಿ ಜೋಡಿಸುವ ಸರದಿಯೂ ಅಪರೂಪ. 1958ರಲ್ಲಿ ಬೋಯಿಂಗ್ 707 ಬಂತು, 1960ರಲ್ಲಿ ಏರ್ ಇಂಡಿಯಾಕ್ಕೂ ಬಂತು. ಡಿಸಿ-7ರಂಥ ಪಿಸ್ಟನ್ ವಿಮಾನಗಳು ಹತ್ತು ವರ್ಷ ತುಂಬುವ ಮೊದಲೇ ಗುಜರಿ ಸೇರತೊಡಗಿದುವು. ಆದರೆ ಅದರ ಅಕ್ಕ, ಸರಳವಾದ 18 ಸಿಲಿಂಡರಿನ ಇಂಜಿನ್‌ಗಳ ಡಿಸಿ-6, ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಅಲಾಸ್ಕಾದ ಹಿಮದ ಹಳ್ಳಿಗಳಿಗೆ ಎಣ್ಣೆ ಮತ್ತು ದಿನಸಿ ಹೊತ್ತಿತು. ಹೊಸದು ಸತ್ತಿತು, ಹಳೆಯದು ಬದುಕಿತು. ನಮ್ಮ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಸೈನಿಕ ಸಾಗಣೆಯಲ್ಲಿ ಈ ಪಾಠವನ್ನು ಬೇಗನೆ ಕಲಿತರು. ಕೊರಿಯಾ ಯುದ್ಧದ ಅನುಭವದಿಂದ 1951ರಲ್ಲಿ ಅಮೆರಿಕದ ವಾಯುಪಡೆ ಕೇಳಿದ ವಿಮಾನ ಚೆಲುವಿನದಲ್ಲ: ನೆಲಕ್ಕೆ ಹತ್ತಿರವಾದ ಹೊಟ್ಟೆ, ಹಿಂದೆ ಲಾರಿ ಹತ್ತುವಂಥ ಇಳಿಜಾರಿನ ಬಾಗಿಲು, ಮಣ್ಣಿನ ಪಟ್ಟಿಯಲ್ಲಿ ಇಳಿಯುವ ದಪ್ಪ ಚಕ್ರಗಳು, ನಾಲ್ಕು ಟರ್ಬೊಪ್ರಾಪ್ ಇಂಜಿನ್‌ಗಳು. 1954ರ ಆಗಸ್ಟ್ 23ರಂದು ಹಾರಿದ ಆ ಹರ್ಕ್ಯುಲಿಸ್‌ನ ವಂಶ ಎಪ್ಪತ್ತು ವರ್ಷ ದಾಟಿದರೂ ಕಾರ್ಖಾನೆಯಿಂದ ಹೊರಬರುತ್ತಲೇ ಇದೆ.

ಭಾರತದ ವಾಯುಪಡೆ 1954ರಲ್ಲಿ ತಂದದ್ದು ಪ್ಯಾಕೆಟ್ ಎಂಬ, ಎರಡು ಬಾಲದ ಕಂಬಗಳ ನಡುವೆ ಪೆಟ್ಟಿಗೆ ತೂಗಿಸಿದಂತಿದ್ದ ವಿಮಾನವನ್ನು. ಹಿಮಾಲಯದ ಎತ್ತರದಲ್ಲಿ ಅದರ ಎರಡು ಪಿಸ್ಟನ್ ಇಂಜಿನ್‌ಗಳು ಏದುಸಿರು ಬಿಡುತ್ತಿದ್ದುವು. ಪರಿಹಾರ ಬಂದದ್ದು ಬೆಂಗಳೂರಿನಿಂದ. ಅಲ್ಲಿನ ಇಂಜಿನ್ ವಿಭಾಗದಲ್ಲಿ ಪರವಾನಗಿಯ ಮೇಲೆ ತಯಾರಾಗುತ್ತಿದ್ದ ಆರ್ಫಿಯಸ್ ಜೆಟ್ ಇಂಜಿನ್ನನ್ನು ಪ್ಯಾಕೆಟ್‌ನ ಬೆನ್ನ ಮೇಲೆ ಕೂರಿಸಿದರು. ಮುದಿ ಎತ್ತಿನ ಗಾಡಿಗೆ ಮೋಟಾರು ಕಟ್ಟಿದ ಹಾಗೆ. 1962ರ ಜುಲೈ 23ರಂದು ಸ್ಕ್ವಾಡ್ರನ್ ಲೀಡರ್ ರಾಜೆ ಅವರು ಪ್ಯಾಕೆಟ್ಟನ್ನು 16,000 ಅಡಿಗೂ ಮಿಕ್ಕ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. ಅದೇ ವರ್ಷದ ಚೀನಾ ಯುದ್ಧದಲ್ಲಿ ರಷ್ಯಾದ ಎಎನ್-12 ವಿಮಾನಗಳು ಟ್ಯಾಂಕುಗಳನ್ನು ಚುಶೂಲ್‌ಗೆ ಹೊತ್ತೊಯ್ದುವು. ದೌಲತ್ ಬೇಗ್ ಓಲ್ಡಿಯ ಅದೇ ಮಣ್ಣಿನ ಮೇಲೆ 2013ರ ಆಗಸ್ಟ್ 20ರಂದು ನಮ್ಮ ವಾಯುಪಡೆಯ ಹರ್ಕ್ಯುಲಿಸ್ ಇಳಿಯಿತು.

ಇಷ್ಟೆಲ್ಲ ಹೇಳಿದ ಮೇಲೆ, ರಿಪೇರಿ ಅಂಗಡಿಯ ಮಿತಿಯನ್ನು ಮುಚ್ಚಿಡುವುದು ನ್ಯಾಯವಲ್ಲ. ಬಿಚ್ಚಿ ಜೋಡಿಸಬಲ್ಲವನು ಹೊಸದನ್ನು ಕಲ್ಪಿಸಬಲ್ಲ ಎಂದು ಹೇಳಲಾಗದು. ಅದು ಬೇರೆಯೇ ವಿದ್ಯೆ. ಆವ್ರೋ 748 ಕಾನ್ಪುರದಲ್ಲಿ ತಯಾರಾಗಿ 1961ರ ನವೆಂಬರ್ 1ರಂದು ಹಾರಿತು, ಆದರೆ ನಕ್ಷೆ ಇಂಗ್ಲೆಂಡಿನದು. ಬೆಂಗಳೂರಿನ ರಾಷ್ಟ್ರೀಯ ವಿಮಾನಯಾನ ಪ್ರಯೋಗಾಲಯ ತಾನೇ ಕಲ್ಪಿಸಿದ ಪುಟ್ಟ ಟರ್ಬೊಪ್ರಾಪ್ ‘ಸಾರಸ್’ 2004ರ ಮೇ 29ರಂದು ಹಾರಿತು. 2009ರ ಮಾರ್ಚ್ 6ರಂದು ಬಿಡದಿಯ ಬಳಿ ಅದರ ಎರಡನೆಯ ಮಾದರಿ ಉರುಳಿ ವಾಯುಪಡೆಯ ಮೂವರು ಪರೀಕ್ಷಕರು ತೀರಿಕೊಂಡರು. ಸುಧಾರಿಸಿದ ಮಾದರಿ ಮತ್ತೆ ಹಾರಿದ್ದು 2018ರಲ್ಲಿ. ಹಳೆಯ ಆವ್ರೋಗಳ ಜಾಗಕ್ಕೆ ವಾಯುಪಡೆ ಆರಿಸಿದ್ದು ಸ್ಪೇನಿನ ಸಿ-295 ವಿಮಾನವನ್ನು. ಐವತ್ತರ ದಶಕದಲ್ಲಿ ಡಕೋಟಾಗಳ ಹೊಟ್ಟೆಯೊಳಗೆ ಕೈಯಿಟ್ಟು ಕಲಿತ ಆ ಪೀಳಿಗೆಗೆ, ಅವರ ನಡುವಯಸ್ಸಿನಲ್ಲಿ, ಒಂದು ಸಾಗಣೆ ವಿಮಾನವನ್ನು ಮೊದಲ ಗೆರೆಯಿಂದ ಬರೆಯುವ ಅವಕಾಶವನ್ನು ದೇಶ ಕೊಡಬೇಕಾಗಿತ್ತು ಎಂದು ನಮಗೆ ಅನ್ನಿಸುತ್ತದೆ. ಕೊಡಲಿಲ್ಲ.

ಅವರು ದುಡಿದ ಕಾರ್ಖಾನೆಯ ರನ್‌ವೇ ನಿಮ್ಮಲ್ಲಿ ಅನೇಕರಿಗೆ ಪರಿಚಿತ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಬೆಂಗಳೂರಿನಿಂದ ವಿಮಾನ ಹತ್ತಿದವರೆಲ್ಲರೂ ನೆಲ ಬಿಟ್ಟದ್ದು ಅಲ್ಲಿಂದಲೇ. 2018ರಲ್ಲಿ ವಾಯುಪಡೆಯ ಪುರಾತನ ವಿಮಾನಗಳ ದಳಕ್ಕೆ ಒಂದು ಡಕೋಟಾ ಮರಳಿ ಬಂತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಪೈಲಟರಾಗಿದ್ದ ತಮ್ಮ ತಂದೆಯ ಗೌರವಾರ್ಥ ಕೊಡುಗೆಯಾಗಿ ಕೊಟ್ಟದ್ದು. ಹೆಸರು ‘ಪರಶುರಾಮ’, ಬಾಲದ ಮೇಲೆ 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ಸಂಖ್ಯೆ, ವಿಪಿ 905. ಗುಜರಿಯಿಂದ ಎತ್ತಿ ಅದಕ್ಕೆ ಮರುಜೀವ ಕೊಟ್ಟದ್ದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ.